ನವೆಯಿಲ್ಲದ ಮಚ್ಚೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಆಸುಪಾಸಿನ ಯಾವುದೇ ಮೆಡಿಕಲ್ ಶಾಪ್ ಮುಂದೆ ಸಂಜೆ ಹೊತ್ತು ಅರ್ಧ ಗಂಟೆ ನಿಂತರೆ ಒಂದೇ ಮಾತು ನಾಲ್ಕೈದು ಸಲ ಕಿವಿಗೆ ಬೀಳುತ್ತದೆ: "ಅಣ್ಣಾ, ನವೆಗೆ ಒಂದು ಟ್ಯೂಬ್ ಕೊಡಿ." ಎಲ್ಲಿ ನವೆ, ಎಷ್ಟು ದಿನದಿಂದ, ಮನೆಯಲ್ಲಿ ಇನ್ಯಾರಿಗಿದೆ ಅಂತ ಕೇಳುವಷ್ಟು ಪುರುಸೊತ್ತು ಅಂಗಡಿಯವರಿಗಿಲ್ಲ, ಬಾಯಿಬಿಟ್ಟು ಹೇಳಲು ಬಂದವರಿಗೂ ಸಂಕೋಚ. ಅಂಥದೊಂದು ಸಂಜೆಯ ಚಿತ್ರ ಬಹಳ ದಿನದಿಂದ ಕೊರೆಯುತ್ತಿದೆ. ನೂಲು ಬಿಚ್ಚುವ ಘಟಕದಿಂದ ನೇರವಾಗಿ ಬಂದ ಒಬ್ಬ ಯುವಕ. ಇಡೀ ದಿನ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಕೈ. ಬೆರಳ ತುದಿಗಳು ನೆನೆದ ಅವಲಕ್ಕಿಯ ಹಾಗೆ ಬೆಳ್ಳಗಾಗಿವೆ, ಎರಡು ಉಗುರಿನ ಬುಡ ಊದಿ ಉಗುರುಸುತ್ತಾಗಿದೆ. ಅವನು ಟ್ಯೂಬ್ ಕೇಳಿದ್ದು ಮಾತ್ರ ತೊಡೆಸಂದಿನ ನವೆಗೆ. ಪಕ್ಕದಲ್ಲಿ ಅರವತ್ತು ದಾಟಿದ ಯಜಮಾನರು, ಶುಗರ್ ಮಾತ್ರೆಗೆ ಬಂದವರು. ಎಡಗಾಲಿನ ಹೆಬ್ಬೆರಳಿಗೆ ಹಳೇ ಪಂಚೆಯ ಚೂರು ಸುತ್ತಿದೆ, ಬಟ್ಟೆಯ ತುದಿ ಒದ್ದೆಯಾಗಿದೆ. "ಕಾಲಿಗೇನಾಯ್ತು ಯಜಮಾನ್ರೇ?" ಎಂದ ಅಂಗಡಿಯ ಹುಡುಗ. "ಏನಿಲ್ಲ ಬಿಡಪ್ಪ, ನೋವೇ ಇಲ್ಲ ಅದ್ರಲ್ಲಿ."

ಆ ಯುವಕನಿಗೆ ರಾತ್ರಿ ನಿದ್ದೆಗೆಡಿಸುವ ನವೆ, ಕಾಯಿಲೆ ಸಣ್ಣದು. ಯಜಮಾನರಿಗೆ ನವೆಯೂ ಇಲ್ಲ, ನೋವೂ ಇಲ್ಲ. ಕಾಲೇ ಹೋಗಬಹುದಾದ ಕಾಯಿಲೆ. ಚರ್ಮದ ವಿಷಯದಲ್ಲಿ ನಾವು ನವೆಗೆ ಹೆದರುತ್ತೇವೆ, ಬಣ್ಣಕ್ಕೆ ನಾಚುತ್ತೇವೆ. ಕಾಯಿಲೆ ಎಷ್ಟು ದೊಡ್ಡದು ಅನ್ನುವುದನ್ನು ಇವೆರಡರಿಂದಲೇ ಅಳೆಯುತ್ತೇವೆ. ಈ ಅಳತೆ ಎಲ್ಲೆಲ್ಲಿ ತಪ್ಪುತ್ತದೆ ಎಂದು ಒಂದೊಂದಾಗಿ ನೋಡುತ್ತಾ ಹೋದರೆ ಗಾಬರಿಯಾಗುತ್ತದೆ.

ಟ್ಯೂಬು ಅಳಿಸುವ ಗುರುತು

ಮೊದಲು ಆ ಯುವಕನ ತೊಡೆಸಂದಿಗೇ ಬರೋಣ. ಹುಳುಕಡ್ಡಿ, ಗಜಕರ್ಣ ಎಂದು ಕರೆಯುವ ಈ ಫಂಗಸ್ ಚರ್ಮದ ಮೇಲುಪದರದ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುತ್ತದೆ. ದೇಹದ ರಕ್ಷಣಾ ಕಣಗಳು ಅದನ್ನು ಹೊರಗೆ ಅಟ್ಟುತ್ತಾ ಬಂದ ಹಾಗೆಲ್ಲ ನಡುಭಾಗ ತಿಳಿಯಾಗಿ, ಅಂಚಿನಲ್ಲಿ ಮಾತ್ರ ಕೆಂಪು ಬಳೆ ಉಳಿಯುತ್ತದೆ. ವೈದ್ಯರು ಕಾಯಿಲೆ ಗುರುತಿಸುವುದು ಆ ಬಳೆಯಿಂದಲೇ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬಿನಲ್ಲಿ ಫಂಗಸ್ ಕೊಲ್ಲುವ ಔಷಧದ ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ನವೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಸ್ಟೀರಾಯ್ಡ್ ಮಾಡಿದ್ದು ಇಷ್ಟೇ: ಫಂಗಸ್ಸನ್ನು ಅಟ್ಟುತ್ತಿದ್ದ ಕಣಗಳನ್ನು ಮಲಗಿಸಿತು. ಕಾವಲು ಮಲಗಿದ ಮೇಲೆ ಫಂಗಸ್ ಆರಾಮಾಗಿ ಹರಡುತ್ತದೆ. ಬಳೆ ಅಳಿಸಿಹೋಗಿ, ಬಳೆಯೊಳಗೆ ಬಳೆ ಮೂಡಿ, ಕೊನೆಗೆ ಯಾವ ವೈದ್ಯರಿಗೂ ಸುಲಭಕ್ಕೆ ಗುರುತು ಸಿಗದ ರೂಪಕ್ಕೆ ಬರುತ್ತದೆ. ಟ್ಯೂಬ್ ನಿಲ್ಲಿಸಿದ ವಾರದೊಳಗೆ ನವೆ ಮೊದಲಿಗಿಂತ ಹೆಚ್ಚಾಗಿ ವಾಪಸ್ ಬರುತ್ತದೆ, ಮತ್ತೆ ಅದೇ ಟ್ಯೂಬ್. ತಿಂಗಳುಗಟ್ಟಲೆ ಹೀಗೇ ನಡೆದರೆ ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳಂಥ ಗೆರೆ ಬೀಳುತ್ತವೆ. ಫಂಗಸ್ ವಾಸಿಯಾದರೂ ಆ ಗೆರೆ ಹೋಗುವುದಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಪಟ್ಟಿ ಕಾಗದದ ಮೇಲಿದೆ. ಕೌಂಟರಿನ ಮೇಲೆ ಟ್ಯೂಬೂ ಇದೆ. ಹಾಗಾಗಿ ಕೊಳ್ಳುವವರೇ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದು ಕಲಿಯಬೇಕಾಗಿದೆ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಫ್ಲುವೊಸಿನೋಲೋನ್: ಈ ಐದು ಹೆಸರುಗಳಲ್ಲಿ ಯಾವುದಿದ್ದರೂ ಅದು ಹುಳುಕಡ್ಡಿಗೆ ಹಚ್ಚುವ ಮುಲಾಮಲ್ಲ. ಇಸುಬಿಗೆ, ಕಾಂಗ್ರೆಸ್ ಗಿಡದ ಅಲರ್ಜಿಗೆ ಇದೇ ಸ್ಟೀರಾಯ್ಡನ್ನು ವೈದ್ಯರು ಲೆಕ್ಕ ಹಾಕಿ ಬರೆಯುತ್ತಾರೆ, ಅಲ್ಲಿ ಅದು ಒಳ್ಳೆಯ ಔಷಧವೇ. ಒಂದು ಕಾಯಿಲೆಗೆ ಬರೆದ ಟ್ಯೂಬನ್ನು ಮನೆಮಂದಿಯೆಲ್ಲ ತಮ್ಮ ತಮ್ಮ ನವೆಗೆ ಹಚ್ಚಿಕೊಂಡಾಗ ತೊಂದರೆ ಶುರು.

ಫಂಗಸ್ಸಿಗೆಂದೇ ಇರುವ ಬರೀ ಮುಲಾಮು ಹಚ್ಚುವುದಕ್ಕೂ ಅಳತೆಯಿದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ; ಅಷ್ಟು ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಕಾಣುವ ಅಂಚಿನಿಂದ 2 ಸೆಂಟಿಮೀಟರ್ ಆಚೆಯವರೆಗೂ ಹಚ್ಚಬೇಕು, ಏಕೆಂದರೆ ಫಂಗಸ್ ಅಂಚಿಗಿಂತ ಮುಂದೆ ಹೋಗಿರುತ್ತದೆ. ಮಚ್ಚೆ ಕಣ್ಣಿಗೆ ಕಾಣದಾದ ಮೇಲೂ ಎರಡು ವಾರ ಬಿಡಬಾರದು. ನಮ್ಮ ಕಡೆ ಹೆಚ್ಚಿನವರು ಸೋಲುವುದು ಇಲ್ಲಿ: ನವೆ ನಿಂತ ದಿನವೇ ಟ್ಯೂಬ್ ಮೂಲೆಗೆ. ಇನ್ನೊಂದು ಯಾರೂ ಲೆಕ್ಕಕ್ಕೆ ಇಡದ ವಸ್ತು ಉಡಿದಾರ. ಸ್ನಾನದಲ್ಲಿ ನೆನೆದು, ಬೆವರು ಹೀರಿ, ವರ್ಷವಿಡೀ ಸೊಂಟದಲ್ಲೇ ಇರುವ ಆ ದಾರ ಫಂಗಸ್ಸಿಗೆ ಒಳ್ಳೆಯ ಗೂಡು. ಚಿಕಿತ್ಸೆಯ ಅಷ್ಟೂ ದಿನ ಅದನ್ನು ತೆಗೆದಿಡಬೇಕು, ಆಮೇಲೆ ಹೊಸದನ್ನೇ ಕಟ್ಟಬೇಕು. ಹೆಂಗಸರಲ್ಲಿ ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತು ಇದೇ ಕೆಲಸ ಮಾಡುತ್ತದೆ. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಟವೆಲ್ ಒಬ್ಬರದು ಒಬ್ಬರಿಗೇ.

ಇಷ್ಟೆಲ್ಲ ಮಾಡಿದರೂ ಹೋಗದಿದ್ದರೆ ತಪ್ಪು ರೋಗಿಯದೇ ಇರಬೇಕೆಂದಿಲ್ಲ. ಫಂಗಸ್ ಕೊಲ್ಲುವ ಟರ್ಬಿನಾಫಿನ್ ಮಾತ್ರೆಗೆ ಜಗ್ಗದ ಫಂಗಸ್ ತಳಿಯೊಂದು ಭಾರತದಲ್ಲಿ ಹಬ್ಬಿದೆ. 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಪ್ರತ್ಯೇಕ ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ. ಅಂಥ ಅನುಮಾನ ಬಂದಾಗ ಮಚ್ಚೆಯ ಅಂಚನ್ನು ಕೆರೆದು ತೆಗೆದ ಹೊಟ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುವ ಪರೀಕ್ಷೆ. ಆದರೆ ಹಿಂದಿನ ದಿನದವರೆಗೂ ಮುಲಾಮು ಹಚ್ಚಿಕೊಂಡು ಹೋದರೆ ಫಂಗಸ್ ಇದ್ದರೂ ಕಾಣದೆ ಹೋಗಬಹುದು.

ಕಜ್ಜಿಯಿಂದ ಕಿಡ್ನಿಗೆ

ನವೆಯೆಲ್ಲ ಸಣ್ಣದೇ ಎಂದುಕೊಂಡರೆ ಅದೂ ತಪ್ಪು. ಹಾಸ್ಟೆಲ್ ಮಕ್ಕಳ ಕಜ್ಜಿಯನ್ನು ನೋಡಿ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಜನನಾಂಗದ ಹತ್ತಿರ ಸಣ್ಣ ಗುಳ್ಳೆ. ದೀಪ ಆರಿಸಿದ ಮೇಲೆ ಜೋರಾಗುವ ನವೆ. ಬರಿಗಣ್ಣಿಗೆ ಕಾಣಸಿಗದಷ್ಟು ಸಣ್ಣ ಹುಳು ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು ಹತ್ತು ಹದಿನೈದು ಹುಳುಗಳಷ್ಟೇ; ನವೆ ದೇಹಕ್ಕೆ ಆಗಿರುವ ಅಲರ್ಜಿ. ಆ ಅಲರ್ಜಿ ಹುಟ್ಟಲು ಮೊದಲ ಸಲ 4ರಿಂದ 6 ವಾರ ಬೇಕು. ಅಂದರೆ ಕೆರೆದುಕೊಳ್ಳುತ್ತಿರುವ ಒಬ್ಬ ಹುಡುಗನ ಅಕ್ಕಪಕ್ಕ ಮಲಗುವ, ಇನ್ನೂ ಕೆರೆದುಕೊಳ್ಳದ ನಾಲ್ವರಲ್ಲೂ ಹುಳು ಇರಬಹುದು. ಕೆರೆದುಕೊಳ್ಳುವವನಿಗೆ ಮಾತ್ರ ಔಷಧ ಹಚ್ಚಿದರೆ ತಿಂಗಳೊಳಗೆ ಎಲ್ಲ ಮೊದಲಿನಂತೆ.

5 ಶೇಕಡಾ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನಡಿ, ಬೆರಳ ಸಂದು, ಹಿಂಬದಿಯ ಸೀಳು ಒಂದನ್ನೂ ಬಿಡದೆ ರಾತ್ರಿ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಬೆಳಿಗ್ಗೆ ಸ್ನಾನ. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ವಾರದ ನಂತರ ಇನ್ನೊಮ್ಮೆ. ಮನೆಯವರೆಲ್ಲ, ಹಾಸ್ಟೆಲ್ ಆದರೆ ಕೋಣೆಯವರೆಲ್ಲ, ಒಂದೇ ರಾತ್ರಿ ಹಚ್ಚಬೇಕು. ಈ ಒಂದು ಶರತ್ತು ಮುರಿದರೆ ಉಳಿದದ್ದೆಲ್ಲ ವ್ಯರ್ಥ. ಮೈ ಬಿಟ್ಟ ಹುಳು ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ, ಹಾಗಾಗಿ ಬಿಸಿನೀರಿಗೆ ಹಾಕಲಾಗದ ಕಂಬಳಿ, ಸ್ವೆಟರ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಸಾಕು. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ನವೆ ಇರುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂದು ದಿನಾ ಹಚ್ಚುತ್ತಾ ಹೋದರೆ ಮುಲಾಮೇ ಚರ್ಮವನ್ನು ಉರಿಸುತ್ತದೆ.

ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸೇರಿ ಕೀವಾದರೆ ಆಮೇಲೆ ಬರುವುದಕ್ಕೆ ನವೆಯೇ ಇಲ್ಲ. ಕೀವಿನ ಗುಳ್ಳೆ ಒಣಗಿ ಮೂರರಿಂದ ಆರು ವಾರಗಳಲ್ಲಿ ಕೆಲವು ಮಕ್ಕಳಿಗೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಏರಿದ ರಕ್ತದೊತ್ತಡ. ಬ್ಯಾಕ್ಟೀರಿಯಾ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡು ಆಗುವ ಉರಿಯೂತ ಇದು. ಸರಿಯಾದ ಹೊತ್ತಿಗೆ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಆದರೆ ಮುಖ ಊದಿದ್ದಕ್ಕೂ ತಿಂಗಳ ಹಿಂದಿನ ಕಜ್ಜಿಗೂ ಸಂಬಂಧವಿದೆ ಎಂದು ಹಾಸ್ಟೆಲಿನಲ್ಲಿ ಯಾರಿಗೆ ಹೊಳೆಯುತ್ತದೆ? ಕಜ್ಜಿಯಾಗಿತ್ತು ಎಂಬ ಮಾತನ್ನು ತಾಯಿ ತಂದೆ ವೈದ್ಯರಿಗೆ ತಾವಾಗಿ ಹೇಳಬೇಕು. ಅಷ್ಟು ಹೊತ್ತಿಗೆ ಚರ್ಮದ ಮೇಲೆ ಒಣಗಿದ ಕಲೆ ಬಿಟ್ಟು ಏನೂ ಉಳಿದಿರುವುದಿಲ್ಲ.

ಕಣ್ಣು ಮುಚ್ಚಿ ತೋರಿಸುವ ಪರೀಕ್ಷೆ

ಬೆನ್ನ ಮೇಲೆ, ತೋಳಿನ ಮೇಲೆ ಬಣ್ಣ ಮಾಸಿದ ಮಚ್ಚೆ ಕಂಡರೆ ಮನೆಗಳಲ್ಲಿ ಎರಡು ಮಾತು ಬರುತ್ತವೆ. ಒಂದು, "ಚಿಬ್ಬು, ತಾನೇ ಹೋಗುತ್ತೆ." ಇನ್ನೊಂದು, ತಗ್ಗಿದ ದನಿಯಲ್ಲಿ, "ತೊನ್ನಾ?" ಮೂರನೆಯದನ್ನು ಯಾರೂ ಹೇಳುವುದಿಲ್ಲ. ಚಿಬ್ಬನ್ನು ಉಗುರಿನಿಂದ ಮೆಲ್ಲಗೆ ಗೀರಿದರೆ ರಾಗಿ ಹಿಟ್ಟಿನಷ್ಟು ಸಣ್ಣ ಹೊಟ್ಟು ಏಳುತ್ತದೆ. ತೊನ್ನು ಸುಣ್ಣದಷ್ಟು ಬೆಳ್ಳಗಿರುತ್ತದೆ, ಅಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಕುಷ್ಠದ ಮಚ್ಚೆ ಸುಣ್ಣದಷ್ಟು ಬಿಳಿಯಾಗುವುದೇ ಇಲ್ಲ; ಮಾಸಲು ಬಣ್ಣ ಅಥವಾ ತುಸು ಕೆಂಪು. ನವೆಯಿಲ್ಲ, ನೋವಿಲ್ಲ, ಹೊಟ್ಟಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಲದಲ್ಲಿ ಮೈಯೆಲ್ಲ ಬೆವರಿದಾಗ ಆ ಜಾಗ ಮಾತ್ರ ಒಣಗಿರುತ್ತದೆ, ಕೂದಲೂ ಕಡಿಮೆ.

ಜನವರಿ 30ರಿಂದ ಶುರುವಾಗುವ ಸ್ಪರ್ಶ್ ಕುಷ್ಠ ಜಾಗೃತಿ ಅಭಿಯಾನದ ದಿನಗಳಲ್ಲಿ ಕಾಣುವ ಒಂದು ದೃಶ್ಯ ಎಷ್ಟು ಹೇಳಿದರೂ ಸಾಲದು. ಜಗಲಿಯ ಮೇಲೆ, ಬೆಳಕಿಗೆ ಬೆನ್ನು ಮಾಡಿ ಕೂತ ಹೆಂಗಸು. ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ ಹತ್ತಿಯ ಎಳೆ. ಮೊದಲು ಕಣ್ಣು ತೆರೆದಿರುವಾಗಲೇ ಒಳ್ಳೆಯ ಚರ್ಮಕ್ಕೆ ಮುಟ್ಟಿಸಿ, "ಹಿಂಗೆ ಮುಟ್ತೀನಿ ಅಕ್ಕ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸ್ಬೇಕು" ಎಂದು ಹೇಳಿಕೊಟ್ಟಳು. ಆಮೇಲೆ ಕಣ್ಣು ಮುಚ್ಚಿಸಿದಳು. ಮೊಣಕೈಗೆ ಮುಟ್ಟಿಸಿದಳು, ಬೆರಳು ಸರಿಯಾಗಿ ಅಲ್ಲಿಗೇ ಹೋಯಿತು. ಮುಂಗೈಗೆ ಮುಟ್ಟಿಸಿದಳು, ಅಲ್ಲಿಗೂ ಹೋಯಿತು. ಮಚ್ಚೆಯ ನಡುವೆ ಮುಟ್ಟಿಸಿದಳು. ಹೆಂಗಸು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಕೂತಿದ್ದಳು. "ಮುಟ್ಟಮ್ಮಾ, ಯಾಕೆ ಸುಮ್ನಾದೆ?"

ಆ ಪರೀಕ್ಷೆಗೆ ಬೇಕಾದ್ದು ಹತ್ತಿಯ ಎಳೆ ಮತ್ತು ಎರಡು ನಿಮಿಷ. ಕೆಲವು ಸೂಕ್ಷ್ಮಗಳಿವೆ. ಮುಟ್ಟಬೇಕು, ಸವರಬಾರದು, ಸವರಿದರೆ ಪಕ್ಕದ ಚರ್ಮ ಎಳೆದಂತಾಗಿ ಸುಳ್ಳು ಉತ್ತರ ಬರುತ್ತದೆ. "ಗೊತ್ತಾಯ್ತಾ?" ಎಂದು ಕೇಳಬಾರದು, ಕೇಳಿದರೆ ಮರ್ಯಾದೆಗೆ ಹೌದು ಅನ್ನುವವರೇ ಹೆಚ್ಚು. ಮುಖದ ಮೇಲಿನ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು, ಏಕೆಂದರೆ ಅಲ್ಲಿ ನರಗಳ ಹೆಣಿಗೆ ದಟ್ಟ. ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪವಾಗಿ ಕೈಗೆ ಸಿಕ್ಕರೆ, ಕಿವಿಯ ಹಾಲೆ ದಪ್ಪಗಾಗಿದ್ದರೆ, ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಮಚ್ಚೆಯಿಲ್ಲದಿದ್ದರೂ ತೋರಿಸಬೇಕು. ಔಷಧ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ: ಐದರವರೆಗೆ ಮಚ್ಚೆಯಿದ್ದರೆ 6 ತಿಂಗಳು, ಅದಕ್ಕಿಂತ ಹೆಚ್ಚಿದ್ದರೆ 12 ತಿಂಗಳು. ಔಷಧ ಶುರುವಾದ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಭಾರತ 2005ರ ಕೊನೆಗೆ 10,000 ಜನಕ್ಕೆ ಒಂದಕ್ಕಿಂತ ಕಡಿಮೆ ರೋಗಿಗಳು ಎಂಬ ಮಟ್ಟ ಮುಟ್ಟಿತು. ಅಂದಿನಿಂದ ಕಾಯಿಲೆಯ ಹೆಸರು ಕಿವಿಗೆ ಬೀಳುವುದು ಕಡಿಮೆಯಾಯಿತು, ಕಾಯಿಲೆ ಮಾತ್ರ ಉಳಿದೇ ಇದೆ. ಬ್ಯಾಕ್ಟೀರಿಯಾ ಮೈ ಸೇರಿ ಮಚ್ಚೆ ಕಾಣಲು ಸರಾಸರಿ 5 ವರ್ಷ ಹಿಡಿಯುತ್ತದೆ, ಕೆಲವರಲ್ಲಿ 20 ವರ್ಷ.

ಚಿಕಿತ್ಸೆಯ ನಡುವೆ ಮಚ್ಚೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿ, ನರ ನೋಯಲು ಶುರುವಾದರೆ "ಔಷಧ ಆಗಿಬರಲಿಲ್ಲ" ಎಂದು ಬಿಟ್ಟುಬಿಡುವವರಿದ್ದಾರೆ. ಅದು ದೇಹದ ಪ್ರತಿಕ್ರಿಯೆ. ಆಗ ಕುಷ್ಠದ ಔಷಧ ಮುಂದುವರಿಸಿ ಅದರ ಜೊತೆಗೆ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಹೊಸದಾಗಿ ಸೋತ ನರವನ್ನು ಆರು ತಿಂಗಳೊಳಗೆ ಹಿಡಿದರೆ ಉಳಿಸಿಕೊಳ್ಳುವ ಅವಕಾಶವಿದೆ. ಹುಳುಕಡ್ಡಿಯನ್ನು ಕೆಡಿಸಿದ ಅದೇ ಜಾತಿಯ ಔಷಧ ಇಲ್ಲಿ ಒಂದು ಕೈಯನ್ನು ಉಳಿಸುತ್ತದೆ.

ಒಂದೇ ಚಪ್ಪಲಿ

ಕುಷ್ಠದಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರಿಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಬರೆಯುವುದೂ ಅದೇ ಚಪ್ಪಲಿ. ಒಂದು ಬ್ಯಾಕ್ಟೀರಿಯಾದಿಂದ, ಇನ್ನೊಂದು ರಕ್ತದ ಸಕ್ಕರೆಯಿಂದ. ಕಾಲಿಗೆ ಆಗುವುದು ಒಂದೇ. ನರ ಸತ್ತ ಅಂಗಾಲು ಬೆವರುವುದಿಲ್ಲ, ಬೆವರದ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ, ಬಿರುಕಿನಿಂದ ಸೋಂಕು ಒಳಗಿಳಿಯುತ್ತದೆ. ಅದಕ್ಕೇ ಆ ಯಜಮಾನರ "ನೋವೇ ಇಲ್ಲ" ಎಂಬ ಮಾತು ಕೇಳಿದಾಗ ಎದೆ ಝಲ್ಲೆಂದದ್ದು. ಕೀವಿನ ಗಾಯ ನೋಯಲೇಬೇಕು. ನೋಯುತ್ತಿಲ್ಲ ಎಂದರೆ ಗಾಯಕ್ಕಿಂತ ಮೊದಲೇ ನರ ಹೋಗಿದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಣ್ಣು ಮುಚ್ಚಿಸಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒತ್ತದೆ, ಗರಿ ತಾಗಿದಷ್ಟು ಹಗುರಾಗಿ, ಒಂದೆರಡು ಸೆಕೆಂಡ್ ಮುಟ್ಟಬೇಕು. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ಕಾಲು ಅಪಾಯದಲ್ಲಿದೆ. ಅಂಥವರು ಹಂಡೆಯ ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು, ಇನ್ನೊಬ್ಬರು ನೋಡಿದರೆ ಮತ್ತೂ ಒಳ್ಳೆಯದು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ. ಅಲ್ಲಿ ಒದ್ದೆ ಉಳಿದರೆ ಫಂಗಸ್. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆ ಕೊರೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿಗೆಂದು ಮಾರುವ ಆಸಿಡ್ ಪಟ್ಟಿ ಅಂಟಿಸುವುದು ಕೂಡದು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಬಿದ್ದದ್ದೂ ಗೊತ್ತಾಗದೆ ನಡೆದು ಹೋಗುವವರಿದ್ದಾರೆ, ಆದ್ದರಿಂದ ಹಿಂದೆ ಪಟ್ಟಿ ಇರುವಂಥದ್ದೇ ಬೇಕು. ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಪ್ರದಕ್ಷಿಣೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಲಿ, ದೇವರು ಬೇಡವೆನ್ನುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕು. ಬಗ್ಗಲಾಗದವರಿಗೆ ಮೊಮ್ಮಕ್ಕಳು ನೋಡಲಿ.

ಸೀರೆಯ ಮರೆಯ ಕಪ್ಪು ಚುಕ್ಕೆ

ಮಳೆಗಾಲದಿಂದ ಚಳಿಗಾಲದವರೆಗೆ ಜ್ವರ ಬಂದವರಿಗೆ ಡೆಂಗಿ ನೋಡುತ್ತಾರೆ, ಮಲೇರಿಯಾ ನೋಡುತ್ತಾರೆ, ಟೈಫಾಯಿಡ್ ನೋಡುತ್ತಾರೆ. ಎಲ್ಲ ಇಲ್ಲವೆಂದು ಬಂದು ಜ್ವರ ಐದಾರು ದಿನ ದಾಟಿದರೆ ಬಟ್ಟೆ ಸರಿಸಿ ಮೈ ಹುಡುಕಬೇಕು. ಪೊದೆ, ಬದು, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ, ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು. ನವೆಯಿಲ್ಲ, ನೋವಿಲ್ಲ. ಇರುವುದೂ ಕಂಕುಳು, ತೊಡೆಸಂದು, ಎದೆಯ ಕೆಳಗೆ, ಸೊಂಟದ ಪಟ್ಟಿಯಲ್ಲಿ. ರೋಗಿಗೇ ಗೊತ್ತಿರುವುದಿಲ್ಲ, ವೈದ್ಯರ ಮುಂದೆ ಸೀರೆ ಸರಿಸಲು ಹೆಂಗಸರು ಒಪ್ಪುವುದಿಲ್ಲ, ಜನ ತುಂಬಿದ ಕೋಣೆಯಲ್ಲಿ ವೈದ್ಯರೂ ಕೇಳುವುದಿಲ್ಲ. ಬೆವರಿನ ಮಡಿಕೆಗಳಲ್ಲಿ ಹಕ್ಕಳೆ ಕಟ್ಟದೆ ಬರೀ ಹಳದಿ ಗಾಯದಂತೆಯೂ ಇರಬಹುದು. ಹುಲ್ಲು ಕೊಯ್ಯುವ, ಟೊಮೆಟೊ ತೋಟದ ಕಳೆ ಕೀಳುವ ಹೆಂಗಸರು ಜ್ವರ ಬಂದಾಗ ಮನೆಯಲ್ಲೇ ಅಕ್ಕತಂಗಿಯರ ಕೈಲಿ ಮೈ ನೋಡಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಹೆಚ್ಚಿನವರಲ್ಲಿ ಎರಡು ದಿನಕ್ಕೆ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿ, ಮೆದುಳು.

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕೂಡ ಇದೇ ಸಾಲಿನದು. ಮೊದಲ ಹುಣ್ಣಿಗೆ ನೋವಿಲ್ಲ, ಮುಂದೆ ಅಂಗೈ ಅಂಗಾಲುಗಳಲ್ಲಿ ಬರುವ ತಾಮ್ರದ ಬಣ್ಣದ ಚುಕ್ಕೆಗಳಿಗೆ ಸಾಮಾನ್ಯವಾಗಿ ನವೆಯಿಲ್ಲ, ಎರಡೂ ತಾವಾಗಿ ಮಾಯವಾಗುತ್ತವೆ. ಕಾಯಿಲೆ ಮಾಯವಾಗುವುದಿಲ್ಲ.

ಮೈಮೇಲೆ ಬರೆಸುವುದು

ನೋವೇ ಮೊದಲು ಬಂದು ಮಚ್ಚೆ ಆಮೇಲೆ ಬರುವ ಕಾಯಿಲೆಯೂ ಒಂದಿದೆ: ಸರ್ಪಸುತ್ತು. ಗಡಿಭಾಗದ ತೆಲುಗು ಮನೆಗಳಲ್ಲಿ ಅದಕ್ಕೆ ಅಕ್ಕಿ ಎನ್ನುತ್ತಾರೆ, ಕೆಮ್ಮಣ್ಣು ಕಲಸಿ ಮೈಮೇಲೆ ಬರೆಸುತ್ತಾರೆ. ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಭಯ ಎಲ್ಲ ಕಡೆ ಇದೆ. ಚಿಕ್ಕಂದಿನಲ್ಲಿ 'ಅಮ್ಮ' (ಚಿಕನ್‌ಪಾಕ್ಸ್) ಬಂದು ಹೋದಾಗ ಆ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ವಯಸ್ಸಾಗಿಯೋ, ಸಕ್ಕರೆ ಕಾಯಿಲೆಯಿಂದಲೋ ಕಾವಲು ಸಡಿಲವಾದಾಗ ಒಂದೇ ನರ ಹಿಡಿದು ಹೊರಬರುತ್ತದೆ. ಆ ನರ ದೇಹದ ನಡುಗೆರೆಗೆ ನಿಲ್ಲುವುದರಿಂದ ಗುಳ್ಳೆಗಳೂ ಅಲ್ಲಿಗೇ ನಿಲ್ಲುತ್ತವೆ. ಎಲ್ಲೋ ಒಬ್ಬರಿಗೆ ಎರಡೂ ಬದಿ ಬಂದರೆ, ಮೈತುಂಬ ಹರಡಿದರೆ, ಅದು ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ ಸೂಚನೆ. ಹಿರಿಯರ ಭಯಕ್ಕೆ ಅಷ್ಟರಮಟ್ಟಿನ ಆಧಾರವಿತ್ತೇನೋ. ಮೂವತ್ತರ ಹರೆಯದವರಿಗೆ ಸರ್ಪಸುತ್ತು ಬಂದರೆ ಎಚ್ಐವಿ ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ.

ಗುಳ್ಳೆ ಏಳುವ ಎರಡು ಮೂರು ದಿನ ಮೊದಲು ಬರೀ ಉರಿ, ಚುಚ್ಚು. ಪಕ್ಕೆ ಹಿಡಿದುಕೊಂಡಿದೆ ಎಂದು ಉಜ್ಜಿಸಿಕೊಳ್ಳುತ್ತಾರೆ, ಎದೆನೋವೆಂದು ಇಸಿಜಿ ತೆಗೆಸುತ್ತಾರೆ. ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೊವಿರ್ ಶುರುವಾಗಬೇಕು: ದೊಡ್ಡವರಿಗೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, 7 ದಿನ, ಕಿಡ್ನಿ ತೊಂದರೆಯಿದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ. ಬರೆಸುವುದರಲ್ಲಿ ಆ ಮೂರು ದಿನ ಹೋದರೆ, ಗಾಯ ಮಾಗಿದ ಮೇಲೂ ನರದ ಉರಿ ತಿಂಗಳುಗಟ್ಟಲೆ ಕಾಡುವ ಸಾಧ್ಯತೆ ಹೆಚ್ಚುತ್ತದೆ. ಮನೆಯ ಹಿರಿಯರಿಗೆ ಬರೆಸಿಯೇ ಸಮಾಧಾನವಾಗುವುದಾದರೆ ಬರೆಸಲಿ, ಆದರೆ ಮೊದಲ ಮಾತ್ರೆ ನುಂಗಿದ ಮೇಲೆ ಬರೆಸಲಿ. ಒಡೆದ ಗುಳ್ಳೆಯ ಮೇಲೆ ಮಣ್ಣು ಬೇಡ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ನರದ ಕವಲು ಕಣ್ಣಿಗೂ ಹೋಗುತ್ತದೆ. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಉಜ್ಜಿದರೆ ಹೋಗದ ಕೊಳೆ

ಹನ್ನೆರಡು ಹದಿಮೂರರ ದಪ್ಪಗಿನ ಮಕ್ಕಳ ಕತ್ತಿನ ಹಿಂದೆ ಕಪ್ಪು ಪಟ್ಟಿ. ತಾಯಂದಿರು ಕಡಲೆಹಿಟ್ಟು, ನಿಂಬೆಹಣ್ಣು, ಕೊನೆಗೆ ಪಾತ್ರೆ ಉಜ್ಜುವ ನಾರು ಹಾಕಿ ತಿಕ್ಕುತ್ತಾರೆ, ಮಗು ಅಳುತ್ತದೆ. ಮುಟ್ಟಿ ನೋಡಿದರೆ ಮಕಮಲ್ಲಿನಂತೆ ದಪ್ಪ. ಇನ್ಸುಲಿನ್ ಇದ್ದೂ ದೇಹ ಅದಕ್ಕೆ ಜಗ್ಗದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಏರಿ ಚರ್ಮದ ಕಣಗಳನ್ನು ಬೆಳೆಸುತ್ತದೆ. ತಿಕ್ಕಿದಷ್ಟೂ ಇನ್ನೂ ಕಪ್ಪಾಗುತ್ತದೆ. ಬೇಕಾದ್ದು ಸಕ್ಕರೆ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚಿದ್ದರೆ ಕಾಯಿಲೆ ಆಗಲೇ ಬಂದಿದೆ. ಅದಕ್ಕಿಂತ ಕಡಿಮೆಯಿದ್ದರೆ ತೂಕ ಇಳಿಸಲು ಇನ್ನೂ ಸಮಯವಿದೆ. ತೂಕ ಇಳಿದರೆ ಕತ್ತಿನ ಬಣ್ಣವೂ ತಿಳಿಯಾಗುತ್ತಾ ಬರುತ್ತದೆ. ಸಣಕಲು ದೇಹದ ವಯಸ್ಸಾದವರಿಗೆ ಇದೇ ಕಪ್ಪು ಇದ್ದಕ್ಕಿದ್ದಂತೆ ಬಂದರೆ ಮಾತ್ರ ಹೊಟ್ಟೆಯ ಕ್ಯಾನ್ಸರ್ ಇದೆಯೇ ಎಂದು ನೋಡುತ್ತಾರೆ. ಕತ್ತು ಸರಿಯಿದ್ದು ಬೆರಳ ಗೆಣ್ಣುಗಳ ಮೇಲೆ ಕಪ್ಪು ಕೂತಿದ್ದರೆ ಬಿ12 ಕೊರತೆಯನ್ನು ನೆನೆಯಬೇಕು, ಅದರಲ್ಲೂ ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ. ಚುಚ್ಚುಮದ್ದು ಶುರುವಾದ ಕೆಲವು ತಿಂಗಳಲ್ಲಿ ಗೆಣ್ಣು ಮೊದಲಿನ ಬಣ್ಣಕ್ಕೆ ಬರುತ್ತದೆ.

ಇದಕ್ಕೆ ಪೂರ್ತಿ ತಿರುಗಾಮುರುಗಾ ಆದದ್ದು ಮಚ್ಚೆಯೇ ಇಲ್ಲದ ನವೆ. ಮೈಯೆಲ್ಲ ಕೆರೆತ, ನೋಡಿದರೆ ಉಗುರಿನ ಗೀರು ಬಿಟ್ಟು ಏನಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಚರ್ಮ ಒಣಗಿ ನವೆಯಾಗುವುದುಂಟು. ಸೋಪು ಕಡಿಮೆ ಮಾಡಿ, ಸ್ನಾನವಾದ ಮೂರು ನಿಮಿಷದೊಳಗೆ ಒದ್ದೆ ಮೈಗೇ ಎಣ್ಣೆ ಹಚ್ಚಿದರೆ ಅದು ಇಳಿಯುತ್ತದೆ. ಆರು ವಾರವಾದರೂ ಇಳಿಯದಿದ್ದರೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಕ್ರಿಯೇಟಿನಿನ್, ಲಿವರ್ ಪರೀಕ್ಷೆ ಆಗಬೇಕು. ಕಿಡ್ನಿ ಸೋಲುತ್ತಿರುವವರ ಬೆನ್ನು, ಪಿತ್ತನಾಳ ಕಟ್ಟಿದವರ ಅಂಗೈ, ಕೆಲವು ಬಗೆಯ ಲಿಂಫೋಮಾ ಎಂಬ ಕ್ಯಾನ್ಸರ್ ಇರುವವರ ಮೈ, ಎಲ್ಲಕ್ಕೂ ಮೊದಲು ನವೆಯೇ ಕಾಣಿಸಿಕೊಳ್ಳಬಹುದು.

ಇವೆಲ್ಲದರಲ್ಲಿ ಹೆಚ್ಚು ತುರ್ತಿನದು ಬಸುರಿಯದು. ಏಳನೇ ತಿಂಗಳ ನಂತರ ರಾತ್ರಿ ಹೊತ್ತು ಅಂಗೈ ಅಂಗಾಲುಗಳಲ್ಲಿ ವಿಪರೀತ ನವೆ, ಗುಳ್ಳೆಯಿಲ್ಲ, ಕೆಂಪಿಲ್ಲ. ಪಿತ್ತಾಮ್ಲ (ಬೈಲ್ ಆಸಿಡ್) ರಕ್ತದಲ್ಲಿ ಏರಿದ್ದರ ಗುರುತು ಅದು. ತಾಯಿಗೆ ಕಿರಿಕಿರಿಯಷ್ಟೇ, ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಬೈಲ್ ಆಸಿಡ್ ಮತ್ತು ಲಿವರ್ ಪರೀಕ್ಷೆ ಮಾಡಿ, ಏರಿಕೆ ನೋಡಿಕೊಂಡು ಹೆರಿಗೆಯ ದಿನವನ್ನೇ ಮುಂಚೆ ಗೊತ್ತು ಮಾಡಬೇಕಾಗಬಹುದು. ಬಸುರಿ ತಾನೇ ಅಂಗಡಿಗೆ ಬರುವುದಿಲ್ಲ. ಗಂಡನೋ ಮೈದುನನೋ ಬಂದು ಕೇಳುತ್ತಾರೆ: "ಅಣ್ಣಾ, ನವೆಗೆ ಒಂದು ಟ್ಯೂಬ್ ಕೊಡಿ." ಯಾರಿಗೆ, ಎಲ್ಲಿ ನವೆ, ಎಷ್ಟು ತಿಂಗಳು ಅಂತ ಕೌಂಟರಿನ ಹಿಂದಿರುವ ಹುಡುಗ ಆಗ ಕೇಳಬೇಕು.